ಘಟ್ಟ ಹತ್ತುವಾಗ ಅಮೀರ್ ಯಾರು?

ಕಳೆದ ನವೆಂಬರ್‌ನ ಒಂದು ಭಾನುವಾರ ಕಿಗ್ಗದಿಂದ ನರಸಿಂಹ ಪರ್ವತ ಹತ್ತಲು ಹೋದವರು ಗೈಡನ್ನು ಬಿಟ್ಟು ನಾವು ಹನ್ನೊಂದು ಜನ. ಇಳಿಯುವಾಗ ಹುಲ್ಲುಗುಡ್ಡ ಮುಗಿದು ಕಾಡು ಶುರುವಾಗುವ ಜಾಗದಲ್ಲಿ ನಿಂತು ಎಣಿಸಿದರೆ ಒಂಬತ್ತೇ ತಲೆ. ಮತ್ತೊಮ್ಮೆ ಎಣಿಸಿದೆ. ಒಂಬತ್ತೇ. ಮಂಜು ಎಷ್ಟು ದಟ್ಟ ಇತ್ತೆಂದರೆ ಹತ್ತು ಮಾರು ದೂರದಲ್ಲಿರುವವನ ಕೆಂಪು ಜಾಕೆಟ್ ಕೂಡ ಕಾಣುತ್ತಿರಲಿಲ್ಲ. ಆಗ ಗಂಟೆ ಮಧ್ಯಾಹ್ನ ಎರಡೂವರೆ.

ಆ ತಂಡದ ಅಮೀರ್ ನಾನೇ ಆಗಿದ್ದೆ. ಮೂವರು ಪ್ರಯಾಣ ಹೊರಟರೂ ತಮ್ಮಲ್ಲೊಬ್ಬನನ್ನು ನಾಯಕ ಮಾಡಿಕೊಳ್ಳಬೇಕು ಎಂಬ ಪ್ರವಾದಿ(ಸ)ಯವರ ಉಪದೇಶವನ್ನು ಮದ್ರಸದಲ್ಲಿ ಎಷ್ಟೋ ವರ್ಷದಿಂದ ಕಲಿಸುತ್ತಿದ್ದೇನೆ. ಬೆಳಿಗ್ಗೆ ಜೀಪಿನಿಂದ ಇಳಿದ ಕೂಡಲೇ ಹುಡುಗರು "ಉಸ್ತಾದರೇ ಅಮೀರ್" ಅಂದರು, ನಾನೂ ದೊಡ್ಡ ಮುಖ ಮಾಡಿಕೊಂಡು ಒಪ್ಪಿಕೊಂಡೆ. ಆದರೆ ಅಮೀರ್ ಅಂದರೆ ನಮಾಝಿಗೆ ಮುಂದೆ ನಿಲ್ಲುವವ, ಬುತ್ತಿ ಹಂಚುವವ ಅಂತ ಮಾತ್ರ ತಿಳಿದುಕೊಂಡಿದ್ದೆನೋ ಏನೋ. ಬೆಟ್ಟದ ತುದಿಯಿಂದ ಹೊರಡುವಾಗ ಒಮ್ಮೆ ಎಣಿಸಬೇಕಿತ್ತು, ಎಣಿಸಿರಲಿಲ್ಲ. ಇದನ್ನು ಬರೆಯುವುದು ನಾಚಿಕೆಯ ವಿಷಯವೇ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈಗ ನಮ್ಮ ಹುಡುಗರಿಗೆ ಬೆಟ್ಟದ ಹುಚ್ಚು ಹಿಡಿದಿದೆ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಹುಡುಗರು ಮಾತ್ರ ಅಲ್ಲ, ಕಾರ್ಕಳ, ಮೂಡುಬಿದಿರೆ, ಮಂಗಳೂರಿನಿಂದ ನೆಂಟರ ಮನೆಗೆ ಬರುವ ಮಕ್ಕಳೂ ಮೊದಲು ಕೇಳುವುದು "ಇಲ್ಲಿ ಟ್ರೆಕ್ಕಿಂಗ್ ಎಲ್ಲಿ?" ಅಂತ. ನಡೆಯುವ ಆಸೆ ಒಳ್ಳೆಯದೇ. 2022ರ ಜೂನ್‌ನಲ್ಲಿ ಮಲಪ್ಪುರಂನ ಶಿಹಾಬ್ ಚೋಟ್ಟೂರು ಹಜ್ಜಿಗೆಂದು ಮನೆಯಿಂದಲೇ ಕಾಲ್ನಡಿಗೆಯಲ್ಲಿ ಹೊರಟು ನಮ್ಮ ಕರಾವಳಿಯ ಹೆದ್ದಾರಿ ಹಿಡಿದು ಹೋದಾಗ ರಸ್ತೆ ಬದಿಯಲ್ಲಿ ನಿಂತು ನೋಡಿದವರು ಸಾವಿರಾರು. ಅದರ ಬಳಿಕ ನಡೆಯುವುದಕ್ಕೂ ಒಂದು ಮರ್ಯಾದೆ ಬಂತು. ಆದರೆ ಅವರು ನಡೆದದ್ದು ರಸ್ತೆಯಲ್ಲಿ. ನಮ್ಮ ಹುಡುಗರಿಗೆ ಬೇಕಾದದ್ದು ದಾರಿಯೇ ಇಲ್ಲದ ಕಡೆ ನಡೆಯುವುದು. ಹಿಮಾಲಯದಲ್ಲಿ, ಹೊರದೇಶದ ಬೆಟ್ಟಗಳಲ್ಲಿ ವಾರಗಟ್ಟಲೆ ನಕ್ಷೆ, ದಿಕ್ಸೂಚಿ ಹಿಡಿದು ಕಾಲುದಾರಿ ಬಿಟ್ಟು ನಡೆಯುವವರ ವಿಡಿಯೋ ನನಗೂ ತೋರಿಸಿದ್ದಾರೆ. "ಉಸ್ತಾದ್, ನಮ್ಮಲ್ಲೂ ಹೀಗೆ ಮಾಡ್ಬಹುದಲ್ವಾ?" ಅಂತ ಕೇಳುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ದಾರಿ ಇಲ್ಲದ ಘಟ್ಟವನ್ನು ನಡೆದು ಹತ್ತಿದವರು ನಮ್ಮ ಮನೆಗಳಲ್ಲೇ ಇದ್ದರು. ನನ್ನ ಅಜ್ಜ ಕಾರ್ಕಳ ಕಡೆಯಿಂದ ಮಾಳದ ಘಟ್ಟ ಹತ್ತಿ ಶೃಂಗೇರಿ ಸೀಮೆಗೆ ಒಣಮೀನು, ಉಪ್ಪು ಹೊತ್ತು ಬರುತ್ತಿದ್ದವರು. ಈಗ ಎಸ್.ಕೆ. ಬಾರ್ಡರ್, ಕೆರೆಕಟ್ಟೆ ಮೇಲೆ ಕಾರಿನಲ್ಲಿ ಒಂದೆರಡು ಗಂಟೆಯ ದಾರಿ ಅದು. ಅಜ್ಜನಿಗೆ ದಾರಿಯಲ್ಲೇ ಎರಡು ರಾತ್ರಿ. ಬರುವಾಗ ತಲೆ ಮೇಲೆ ಮೀನು, ಹೋಗುವಾಗ ಅಡಿಕೆ, ಕಾಳುಮೆಣಸು, ಏಲಕ್ಕಿ. ಕೈ ಸ್ವಲ್ಪ ಗಟ್ಟಿ ಇದ್ದವರಿಗೆ ಹೇರೆತ್ತು ಇರುತ್ತಿತ್ತು. ಬ್ಯಾರಿ ಎಂಬ ಹೆಸರೇ 'ಬ್ಯಾರ' ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಹದಿನಾಲ್ಕನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಕಾಳುಮೆಣಸು, ಶುಂಠಿ ಹೇರಳವಾಗಿದೆ, ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದಾರೆ ಎಂದು ಬರೆದಿಟ್ಟಿದ್ದಾರೆ. ಆ ಮೆಣಸಿನಲ್ಲಿ ಘಟ್ಟದ ಮೇಲಿನಿಂದ ಬಂದದ್ದು ಯಾರದ್ದೋ ತಲೆಯ ಮೇಲೆ, ಇಲ್ಲವೇ ಎತ್ತಿನ ಬೆನ್ನ ಮೇಲೆ ಇಳಿದಿರಬೇಕು. ಹಾಗೆ ಬಂದವರಲ್ಲಿ ಕೆಲವರು ಮಳೆಗಾಲಕ್ಕೆ ಊರಿಗೆ ಹೋಗದೆ ಇಲ್ಲೇ ಅಂಗಡಿ ಹಾಕಿ ನಿಂತರು. ಕೊಪ್ಪ, ಜಯಪುರ, ಬಾಳೆಹೊನ್ನೂರು ಪೇಟೆಗಳಲ್ಲಿ ಇವತ್ತು ನಮ್ಮವರ ಅಂಗಡಿಗಳಿದ್ದರೆ ಅದು ಆ ಕಾಲುಗಳ ಪುಣ್ಯ. ಎನ್.ಆರ್. ಪುರಕ್ಕೆ ತರೀಕೆರೆಯಿಂದ ಒಂದು ಕಾಲದಲ್ಲಿ ಸಣ್ಣ ಟ್ರಾಮ್ ರೈಲು ಬರುತ್ತಿತ್ತು, ಈಗ ಅದರ ಹಳಿಯೂ ಇಲ್ಲ. ಅದು ಮೂಡು ದಿಕ್ಕಿನ ದಾರಿ. ಪಡುವಣದ ಘಟ್ಟಕ್ಕೆ ರೈಲು ಬಂದೇ ಇಲ್ಲ, ಅಲ್ಲಿ ಕಾಲೇ ರೈಲು.

ಆದರೆ ಅಜ್ಜ ಹೇಳುತ್ತಿದ್ದ ಕತೆಯಲ್ಲಿ ಒಂದು ವಿಷಯವನ್ನು ನಾನು ಸಣ್ಣವನಿದ್ದಾಗ ಗಮನಿಸಿರಲಿಲ್ಲ. ಅವರು ಎಂದೂ ಒಬ್ಬರೇ ಹೋದವರಲ್ಲ. ಎಂಟು ಹತ್ತು ಜನರ ಗುಂಪು, ಮುಂದೆ ಒಬ್ಬ ಹಳೆ ತಲೆ, ಹಿಂದೆ ಒಬ್ಬ ಗಟ್ಟಿಗ. ಹಿಂದಿನವನ ಕೆಲಸ ಹೊರೆ ಹೊರುವುದಕ್ಕಿಂತ ಹೆಚ್ಚು ಕೂಗುವುದು. ಹೊಳೆ ದಾಟಿದಾಗ ಕೂಗಬೇಕು, ಕಾಡು ಹೊಕ್ಕಾಗ ಕೂಗಬೇಕು, ಮುಂದಿನವ ತಿರುಗಿ ಕೂಗಬೇಕು. ನಡುವೆ ಇದ್ದವರಲ್ಲಿ ಯಾರಾದರೂ ಹೊರೆ ಇಳಿಸಿ ಕೂತರೆ ಎಲ್ಲರೂ ಕೂರಬೇಕು. ಮಳೆ ಹಿಡಿಯುವ ಮೊದಲು ಘಟ್ಟ ಇಳಿದು ಮನೆ ಸೇರಬೇಕು. ಕಾಡಿನವರು ತೋರಿಸದ ದಾರಿಗೆ ಅಜ್ಜ ಕಾಲಿಟ್ಟವರಲ್ಲ. "ದಾರಿ ಇಲ್ಲದ ಕಡೆ ನಾವು ಹೋಗಿಲ್ಲ ಮೋನೆ, ದಾರಿ ಗೊತ್ತಿದ್ದವನ ಹಿಂದೆ ಹೋದದ್ದು" ಅನ್ನುತ್ತಿದ್ದರು. ಲಾಭಕ್ಕೆ ಹೋಗುವವನಿಗೆ ಸಾಹಸ ಬೇಡ, ಜೀವ ಬೇಕು.

ಈಗ ನಮ್ಮ ಭಾನುವಾರಕ್ಕೆ ಬರೋಣ.

ನರಸಿಂಹ ಪರ್ವತ ದೊಡ್ಡ ಎತ್ತರವೇನೂ ಅಲ್ಲ, ಸುಮಾರು 1,150 ಮೀಟರ್. ಕುದುರೆಮುಖ ಶಿಖರ 1,890 ಮೀಟರಿಗೂ ಮಿಕ್ಕಿದ್ದು. ನಮ್ಮ ಕೊಪ್ಪ ತಾಲೂಕಿನ ಮೇರುತಿ ಗುಡ್ಡ ಕೂಡ 5,400 ಅಡಿ ದಾಟುತ್ತದೆ, ಅದರ ಮುಂದೆ ಇದು ತಮ್ಮ. ಆದರೆ ನರಸಿಂಹ ಪರ್ವತ ನಿಂತಿರುವ ಜಾಗ ವಿಚಿತ್ರ. ಆ ಬೆಟ್ಟದ ಸಾಲೇ ನೀರನ್ನು ಪಾಲು ಮಾಡುವ ಗೋಡೆ. ಮೂಡಣಕ್ಕೆ ಬಿದ್ದ ಮಳೆ ತುಂಗೆಗೆ ಸೇರಿ ಶೃಂಗೇರಿ, ಹರಿಹರಪುರ ಹಾದು ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣಕ್ಕೆ ಬಿದ್ದದ್ದು ಸೀತಾನದಿಗೆ ಸೇರಿ ನಮ್ಮದೇ ಕಡಲಿಗೆ ಇಳಿಯುತ್ತದೆ. ಮೂಡಣದ ಹಳ್ಳಗಳು ಮೆಲ್ಲಗೆ ಇಳಿದು ಗದ್ದೆ, ತೋಟಕ್ಕೆ ಬರುತ್ತವೆ. ಪಡುವಣದವು ಹಾಗಲ್ಲ, ನೇರ ಕೆಳಗೆ ಹಾರುತ್ತವೆ. ಆಗುಂಬೆಯ ಬರ್ಕಣ ಜಲಪಾತ ಹಾರುವುದು 250 ಮೀಟರಿಗೂ ಹೆಚ್ಚು. ಕಾಡಿನಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ ಅಂತ ಎಲ್ಲರೂ ಹೇಳುವ ಮಾತಿದೆಯಲ್ಲ, ಅದು ಈ ಬೆಟ್ಟದ ಒಂದು ಬದಿಯಲ್ಲಿ ಬಹುಮಟ್ಟಿಗೆ ನಿಜ, ಇನ್ನೊಂದು ಬದಿಯಲ್ಲಿ ಸಾವು. ಬಿಸಿಲಿದ್ದರೆ ಯಾವ ಬದಿ ಯಾವುದೆಂದು ಮಗುವಿಗೂ ಗೊತ್ತಾಗುತ್ತದೆ. ಮಂಜು ಬಂದರೆ ನನ್ನಂಥವನಿಗೂ ಗೊತ್ತಾಗುವುದಿಲ್ಲ.

ಕಾಣೆಯಾದ ಇಬ್ಬರೂ ಪಿಯುಸಿ ಹುಡುಗರು. ಒಬ್ಬ ನನ್ನ ಮದ್ರಸದಲ್ಲೇ ಓದಿದವ, ಇನ್ನೊಬ್ಬ ಅವನ ದೊಡ್ಡಮ್ಮನ ಮಗ, ಕರಾವಳಿಯವ. ನೀರಿನ ಸದ್ದು ಕೇಳಿತಂತೆ. ಹತ್ತು ನಿಮಿಷ ಇಳಿದು ಒಂದು ವಿಡಿಯೋ ಮಾಡಿ ಓಡಿ ಬಂದು ಸೇರಿಕೊಳ್ಳುವ ಅಂತ ಲೆಕ್ಕ.

ನಾನು ಎರಡು ಸಲ ಹೆಸರು ಹಿಡಿದು ಕೂಗಿ ಹಿಂದಕ್ಕೆ ಓಡಲು ಹೊರಟೆ. ಗೈಡ್ ನನ್ನ ತೋಳು ಹಿಡಿದರು. ಕಿಗ್ಗದ ಕಡೆಯವರೇ, ಐವತ್ತು ದಾಟಿದವರು, ಬೆಳಿಗ್ಗೆಯಿಂದ ಹತ್ತು ಮಾತಿಗಿಂತ ಹೆಚ್ಚು ಆಡಿರಲಿಲ್ಲ. "ಸಾಬ್ರೇ, ನೀವೆಲ್ಲ ಇಲ್ಲೇ ಕೂತ್ಕಳಿ. ಹುಡುಕೋಕೆ ಹತ್ತು ಜನ ಹೋದ್ರೆ ಆಮೇಲೆ ಹತ್ತು ಜನನ್ನ ಹುಡುಕ್ಬೇಕು" ಅಂದರು. ಅವರು ಒಬ್ಬರೇ ಹಿಂದೆ ಹತ್ತಿದರು. ನಾವು ಕಾಡಿನ ಬಾಯಿಯಲ್ಲಿ ಒಬ್ಬರಿಗೊಬ್ಬರು ಭುಜ ತಾಗಿಸಿ ಕೂತೆವು. ಮೊಬೈಲಿಗೆ ಒಂದು ಕಡ್ಡಿಯೂ ಇಲ್ಲ. ಉಂಬಳಗಳು ಬೂಟಿನ ಕಣ್ಣಿನಿಂದ ಒಳಗೆ ಹೋಗುತ್ತಿದ್ದವು, ಕೀಳುವ ಮನಸ್ಸೂ ಇರಲಿಲ್ಲ. ಆ ಹುಡುಗನ ಉಮ್ಮನಿಗೆ ಏನು ಹೇಳಲಿ ಎಂಬುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅವರು ನನ್ನನ್ನು ನಂಬಿಯೇ ಕಳಿಸಿದ್ದು.

ಮೂರೂ ಮುಕ್ಕಾಲರ ಹೊತ್ತಿಗೆ ಮಂಜಿನೊಳಗಿಂದ ಬಾಂಗ್ ಕೇಳಿತು.

ದಾರಿ ತಪ್ಪಿದವನು ಬಾಂಗ್ ಕೊಡುವ ವಿಷಯ ಫಿಕ್‌ಹ್ ಗ್ರಂಥಗಳಲ್ಲಿ ಬರುತ್ತದೆ. ಆ ಹುಡುಗನಿಗೆ ಅದೆಲ್ಲ ಗೊತ್ತಿರಲಿಲ್ಲ. ಅಸರ್ ಆಯಿತು ಅಂತ ಮೊಬೈಲ್ ತೋರಿಸಿತು, ಹೆದರಿಕೆಗೆ ಬೇರೆ ಏನೂ ತೋಚಲಿಲ್ಲ, ಕೊಟ್ಟೆ ಅಂತ ಆಮೇಲೆ ಹೇಳಿದ. ನಮಗೆಲ್ಲ ಅದು ಎಡಗಡೆ ಕೆಳಗಿನಿಂದ ಬಂದ ಹಾಗೆ ಕೇಳಿತು. ಒಬ್ಬ ಹುಡುಗ ಆಗಲೇ ಎದ್ದು ಆ ಕಡೆ ಹೊರಟಿದ್ದ, ಅಂಗಿ ಹಿಡಿದು ಕೂರಿಸಿದೆ. ಗೈಡ್ ಹೋದದ್ದು ಅದರ ಉಲ್ಟಾ ದಿಕ್ಕಿಗೆ, ಪಡುವಣದ ಬದಿಗೆ. ಎದುರು ಗುಡ್ಡಕ್ಕೆ ಬಡಿದು ತಿರುಗಿ ಬರುವ ಸದ್ದು ಕೆಲವೊಮ್ಮೆ ಮೊದಲ ಸದ್ದಿಗಿಂತ ಸ್ಪಷ್ಟ ಕೇಳುತ್ತದೆ, ಅದನ್ನು ನಂಬಿ ಹೋದವರು ಕೆಡುತ್ತಾರೆ ಅಂತ ಇಳಿಯುವಾಗ ವಿವರಿಸಿದರು. ಹುಡುಗರು ಸಿಕ್ಕಿದ್ದು ಒಂದು ಹಳ್ಳದ ಕೊನೆಯ ಬಂಡೆಯ ಮೇಲೆ. ಅದರ ಮುಂದೆ ನೀರು ಮಾತ್ರ ಹೋಗಬಹುದಾದ ಜಾಗ. ಕರಾವಳಿಯ ಹುಡುಗನ ಪಾದ ಉಳುಕಿ ಊದಿತ್ತು. ಅವನನ್ನು ಮೇಲಕ್ಕೆ ತರುವಾಗ ಆರು ಗಂಟೆ ಹತ್ತಿರ ಆಗಿತ್ತು, ಕಾಡಿನೊಳಗೆ ಆಗಲೇ ಕತ್ತಲೆ. ಮೊಬೈಲ್ ಟಾರ್ಚಿನಲ್ಲಿ ಸರದಿ ಹೊತ್ತು ಕಿಗ್ಗ ಮುಟ್ಟಿದಾಗ ಎಂಟೂವರೆ. ಅರಣ್ಯ ಇಲಾಖೆಯವರು ಬೈದರು. ಬೈಸಿಕೊಂಡೆ. ತಪ್ಪು ನನ್ನದೇ.

ಹಿಂದೆಲ್ಲ ಚಾರಣಿಗರು ಆಗುಂಬೆಯಿಂದ ಹೊರಟು ಬರ್ಕಣ ನೋಡಿ ನರಸಿಂಹ ಪರ್ವತ ದಾಟಿ ಎರಡು ಮೂರು ದಿನಕ್ಕೆ ಕಿಗ್ಗಕ್ಕೆ ಇಳಿಯುತ್ತಿದ್ದರು, ಬೆಟ್ಟದ ಮೇಲೆಯೇ ಮಲಗುತ್ತಿದ್ದರು. ಈಗ ಅದಿಲ್ಲ. ಇದು 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು. 2024ರ ಜನವರಿ ಕೊನೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ನುಗ್ಗಿದ ವಿಡಿಯೋ ನೀವೂ ನೋಡಿರಬಹುದು. ಅದರ ನಂತರವೇ ಸರಕಾರ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ಅದೇ ವರ್ಷ 'ಅರಣ್ಯ ವಿಹಾರ' ವೆಬ್‌ಸೈಟ್ ತಂದದ್ದು, ಒಂದು ಬೆಟ್ಟಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿದ್ದು. ಹುಡುಗರಿಗೆ ಇದು ಕಿರಿಕಿರಿ. ಪರಿಚಯದವರ ಎಸ್ಟೇಟಿನ ಹಿಂದಿನಿಂದ ಹತ್ತಿದರೆ ಯಾರಿಗೂ ಗೊತ್ತಾಗಲ್ಲ ಉಸ್ತಾದ್ ಅನ್ನುತ್ತಾರೆ. ಯಾರಿಗೂ ಗೊತ್ತಾಗದೇ ಇರುವುದೇ ಅಪಾಯ ಅಲ್ಲವಾ ಮಾರಾಯರೇ? ಇನ್ನೊಂದು ಮಾತನ್ನು ನಮ್ಮ ಪುಟದಲ್ಲಾದರೂ ಬಾಯಿ ಬಿಟ್ಟು ಹೇಳಬೇಕು. ನಮ್ಮ ಹುಡುಗರು ಅನುಮತಿ ಇಲ್ಲದೆ, ರಾತ್ರಿ ಹೊತ್ತು, ಶೃಂಗೇರಿಯ ಕಾಡಿನಲ್ಲಿ ಸಿಕ್ಕಿಬಿದ್ದರೆ ಮರುದಿನ ಮೊಬೈಲುಗಳಲ್ಲಿ ಯಾವ ಬಗೆಯ ಸುದ್ದಿ ಓಡಾಡುತ್ತದೆ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ರಸೀದಿ ಕಿಸೆಯಲ್ಲಿರಲಿ.

ಆ ರಾತ್ರಿ ಮನೆಗೆ ಬಂದು ನಿದ್ದೆ ಬರಲಿಲ್ಲ. ಹಿಜ್ರಾದ ಚರಿತ್ರೆ ನೆನಪಾಯಿತು. ಎಷ್ಟು ಸಲ ಕಲಿಸಿದ ಪಾಠ! ಆದರೆ ಬೆಟ್ಟ ಇಳಿದು ಬಂದ ಮೇಲೆ ಅದು ಬೇರೆ ಥರ ಕಂಡಿತು. 622ರಲ್ಲಿ ಪ್ರವಾದಿ(ಸ)ಯವರು ಮತ್ತು ಅಬೂಬಕರ್(ರ) ಮಕ್ಕಾ ಬಿಟ್ಟು ಹೊರಟಾಗ ಮದೀನಾ ಇರುವುದು ಉತ್ತರಕ್ಕೆ, ಅವರು ಹೋದದ್ದು ದಕ್ಷಿಣದ ಸೌರ್ ಬೆಟ್ಟಕ್ಕೆ. ಮೂರು ರಾತ್ರಿ ಗುಹೆಯಲ್ಲಿ. ಅಲ್ಲಿಂದ ಮುಂದೆ ಎಲ್ಲರೂ ಓಡಾಡುವ ದಾರಿ ಬಿಟ್ಟು ಕರಾವಳಿಯ ಬದಿಯಿಂದ ಸುತ್ತಿ, ಬೆಟ್ಟ, ಕಣಿವೆ ದಾಟಿ ಮದೀನಾ ಸೇರಿದ್ದು. ದಾರಿ ಬಿಟ್ಟು ನಡೆಯುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಆದರೆ ಹೇಗೆ ನಡೆದರು ನೋಡಿ. ಅಬ್ದುಲ್ಲಾ ಬಿನ್ ಉರೈಖಿತ್ ಎಂಬ ದಾರಿ ಬಲ್ಲವನನ್ನು ಮೊದಲೇ ಕೂಲಿ ಗೊತ್ತು ಮಾಡಿ ನೇಮಿಸಿಕೊಂಡಿದ್ದರು. ಆತ ಆಗ ಮುಸ್ಲಿಮನಲ್ಲ. ಆದರೆ ಕೆಲಸ ಬಲ್ಲವ, ನಂಬಿಕಸ್ಥ. ಒಂಟೆಗಳನ್ನು ಅವನ ಕೈಗೇ ಕೊಟ್ಟು, ಮೂರು ರಾತ್ರಿಯ ಬಳಿಕ ಗುಹೆಯ ಹತ್ತಿರ ಬಾ ಎಂದು ಸಮಯ ಹೇಳಿದ್ದರು. ಎಲ್ಲಿದ್ದಾರೆ ಎಂಬುದು ಮನೆಯವರಿಗೆ ಗೊತ್ತಿತ್ತು. ಅಬೂಬಕರ್(ರ) ಅವರ ಮಗ ರಾತ್ರಿ ಬಂದು ಮಕ್ಕಾದ ಸುದ್ದಿ ಹೇಳುತ್ತಿದ್ದರು, ಮಗಳು ಅಸ್ಮಾ(ರ) ಬುತ್ತಿ ಕಟ್ಟಿಕೊಟ್ಟರು. ಅಲ್ಲಾಹನ ರಸೂಲರೇ ಗೈಡ್ ಇಟ್ಟುಕೊಂಡು, ಮನೆಗೆ ತಿಳಿಸಿ, ದಿನ ಗೊತ್ತು ಮಾಡಿ ಹೊರಟ ಮೇಲೆ ನಮ್ಮ ಹುಡುಗರಿಗೆ "ಗೂಗಲ್ ಮ್ಯಾಪ್ ಇದೆ" ಎಂಬ ಧೈರ್ಯ ಎಲ್ಲಿಂದ ಬಂತು ಅಂತ.

2019ರ ಸೆಪ್ಟೆಂಬರ್‌ನಲ್ಲಿ ಕುಮಾರ ಪರ್ವತದಲ್ಲಿ ತಂಡದಿಂದ ಬೇರೆಯಾದ ಬೆಂಗಳೂರಿನ ಯುವಕನೊಬ್ಬ ಎರಡು ದಿನ ಕಾಡಿನಲ್ಲಿ ಅಲೆದು, ಕೊನೆಗೆ ನೀರಿನ ಪೈಪೊಂದನ್ನು ಹಿಡಿದು ಸುಬ್ರಹ್ಮಣ್ಯಕ್ಕೆ ಇಳಿದು ಬಂದ. ಮಲೆನಾಡಿನಲ್ಲಿ ಇದು ನೆನಪಿಡಬೇಕಾದದ್ದು. ಹಳ್ಳ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಪೈಪ್ ಒಂದು ಮನೆಗೋ ತೋಟಕ್ಕೋ ಹೋಗಲೇಬೇಕು. ಇಲ್ಲದಿದ್ದರೆ ತಪ್ಪಿದ ಜಾಗದಲ್ಲೇ ಕೂರುವುದು ಮೇಲು. ಬೆಳಕಿದ್ದು ಮಂಜು ತೆರೆದರೆ ಕಾಡಿನ ಮಡಿಕೆಗೆ ಇಳಿಯುವ ಬದಲು ಹುಲ್ಲಿನ ಏಣಿಗೆ ಹತ್ತಬೇಕು, ಅಲ್ಲಿಂದ ಕಣ್ಣಿಗೆ ದಾರಿ ಕಾಣುತ್ತದೆ, ಹುಡುಕುವವರಿಗೆ ನೀವು ಕಾಣುತ್ತೀರಿ.

ಇನ್ನು ಉಣುಗು. ಉಂಬಳಕ್ಕೆ ಹೆದರುವವರು ಉಣುಗಿಗೆ ಹೆದರುವುದಿಲ್ಲ, ಹೆದರಬೇಕಾದ್ದು ಉಣುಗಿಗೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ನಮ್ಮ ಮೂರೂ ತಾಲೂಕಿಗೆ ಬಂದು ಜೀವ ತೆಗೆದಿದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ಹುಡುಗರಿಗೆ ರಜೆ ಸಿಗುವ ಕಾಲವೇ. ಹಳೆ ಲಸಿಕೆ ಈಗ ಕೊಡುತ್ತಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಬೇಕು, ತುಂಬುತೋಳಿನ ಅಂಗಿ ಹಾಕಬೇಕು, ಒಣಗಿದ ಎಲೆ ರಾಶಿಯ ಮೇಲೆ ಕೂರಬಾರದು, ಮನೆಗೆ ಬಂದು ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ವಿಡಿಯೋ ಬೇಡ, ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಹೋಗಿ ಬಂದ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು. ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡುವವರಿದ್ದಾರೆ. ಕಾಡಾನೆಯ ವಿಷಯ ಎನ್.ಆರ್. ಪುರ, ಬಾಳೆಹೊನ್ನೂರು, ಕೆರೆಕಟ್ಟೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಜೀವ ಕಳೆದುಕೊಂಡ ಮನೆಗಳು ಅಲ್ಲೇ ಇವೆ. ಭದ್ರಾ ಹುಲಿ ಮೀಸಲು ಕಾಡಿನ ಬದಿಯಲ್ಲಂತೂ ಶಾರ್ಟ್‌ಕಟ್ ಎಂಬ ಮಾತೇ ಬೇಡ.

ಹುಡುಗರು ನನ್ನಲ್ಲಿ ಕೇಳುವ ಮಸ್‌ಅಲಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉಂಬಳ ಕಚ್ಚಿ ರಕ್ತ ಹರಿದರೆ ನಮ್ಮ ಶಾಫಿ ಮದ್‌ಹಬಿನಲ್ಲಿ ವುಳೂ ಮುರಿಯುವುದಿಲ್ಲ. ರಕ್ತ ತೊಳೆದು ನಮಾಝ್ ಮಾಡಿ, ಆಮೇಲೆ ಸ್ವಲ್ಪ ಜಿನುಗಿದರೆ ಗಾಬರಿ ಬೇಡ. ತಯಮ್ಮುಮ್ ನೀರು ಹುಡುಕಿಯೂ ಸಿಗದವನಿಗೆ ಇರುವುದು, ಚಳಿಗೆ ಸೋಮಾರಿಯಾದವನಿಗಲ್ಲ. ನಮ್ಮ ಘಟ್ಟದಲ್ಲಿ ನವೆಂಬರ್‌ನಲ್ಲಿ ನೀರಿಲ್ಲ ಅಂದರೆ ಯಾರು ನಂಬುತ್ತಾರೆ? ಕೊಪ್ಪದಿಂದ ಕಿಗ್ಗಕ್ಕೆ ಹೋಗಿ ಬೆಟ್ಟ ಹತ್ತಿದ್ದಕ್ಕೆ ಖಸ್ರ್ ಇಲ್ಲ, ಆ ದೂರ ಸಾಲದು. ಕರಾವಳಿಯಿಂದ ಬರುವವರು ತಮ್ಮ ಊರಿನ ಉಸ್ತಾದರಲ್ಲಿ ಕೇಳಿಯೇ ಹೊರಡಲಿ. ಶುಕ್ರವಾರ ಸುಬಹಿ ಆದ ಮೇಲೆ ಜುಮಾ ತಪ್ಪುವ ಹಾಗೆ ಹೊರಡುವಂತಿಲ್ಲ. ಕಿಬ್ಲಾಕ್ಕೆ ಮೊಬೈಲ್ ಒಂದನ್ನೇ ನಂಬಬೇಡಿ, ಸಣ್ಣ ದಿಕ್ಸೂಚಿ ಇಟ್ಟುಕೊಳ್ಳಿ. ಕಿಬ್ಲಾ ನಮಗೆ ಪಡುವಣದಿಂದ ಸ್ವಲ್ಪ ಬಡಗಣಕ್ಕೆ. ಅದು ಗೊತ್ತಿದ್ದವನಿಗೆ ಆ ಬೆಟ್ಟದಲ್ಲಿ ತುಂಗೆಯ ಬದಿ ಯಾವುದು, ಸೀತೆಯ ಬದಿ ಯಾವುದು ಎಂಬುದೂ ಗೊತ್ತಾಗುತ್ತದೆ. ಆ ದಿನ ನನ್ನ ಕಿಸೆಯಲ್ಲಿ ದಿಕ್ಸೂಚಿ ಇರಲಿಲ್ಲ.

ಪಾದ ಉಳುಕಿದ ಹುಡುಗ ಎರಡು ವಾರ ಪಟ್ಟಿ ಕಟ್ಟಿಕೊಂಡು ಮಲಗಿದ. ಅವನ ಉಮ್ಮ ಈಗ ನನ್ನಲ್ಲಿ ಮಾತಾಡುತ್ತಾರೆ, ಮೊದಲ ಒಂದು ತಿಂಗಳು ಆಡಿರಲಿಲ್ಲ. ಬಾಂಗ್ ಕೊಟ್ಟ ಹುಡುಗ ಮೊನ್ನೆ ಮದ್ರಸದ ಜಗಲಿಯಲ್ಲಿ ಕೂತು ಮಳೆಗಾಲ ಕಳೆದ ಮೇಲಿನ ಚಾರಣಕ್ಕೆ ಪಟ್ಟಿ ಮಾಡುತ್ತಿದ್ದ. ಹೆಸರು, ಮನೆಯವರ ನಂಬರ್, ಯಾವ ಬೆಟ್ಟ, ಎಷ್ಟು ಗಂಟೆಗೆ ಹಿಂದೆ ಬರುವುದು ಅಂತ ಬರೆದು ಒಂದು ಪ್ರತಿ ಮಸೀದಿಯ ಬೋರ್ಡಿಗೆ ಹಚ್ಚಬೇಕೆಂದು ನಾನೇ ಹೇಳಿದ್ದೆ. ಎಲ್ಲರ ಕುತ್ತಿಗೆಗೆ ಸೀಟಿ. ಹಿಂದಿನಿಂದ ಎಣಿಸುತ್ತಾ ಬರುವ ಕೆಲಸಕ್ಕೆ ಅವನೇ ತನ್ನ ಹೆಸರು ಬರೆದುಕೊಂಡಿದ್ದಾನೆ.

"ಉಸ್ತಾದ್, ಗೈಡಿನ ಹೆಸರು ಬರೀಬೇಕಾ?" ಅಂತ ಕೇಳಿದ.

"ಅದನ್ನು ಎಲ್ಲಕ್ಕಿಂತ ಮೇಲೆ ಬರಿ" ಅಂದೆ. ಪಟ್ಟಿ ಹರಿದು ಹಾಕಿ ಮತ್ತೆ ಬರೆಯಲು ಕೂತ.